ಹಾಲುಹಾದಿಯ ನಡುವಿನ ಕಪ್ಪು ಕುಳಿ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ರಜೆ ಬಂದರೆ ದೂರದರ್ಶಕ ಹೊತ್ತುಕೊಂಡು ಸೇಡಂ, ಚಿಂಚೋಳಿ, ಶಹಾಪುರ, ಹುಮನಾಬಾದ್ ಅಂತ ಊರೂರು ತಿರುಗಿ ಆಕಾಶ ತೋರಿಸುತ್ತೇನೆ. ಜನ ಶನಿಯ ಉಂಗುರ ನೋಡುತ್ತಾರೆ, ಚಂದ್ರನ ಗುಂಡಿ ನೋಡುತ್ತಾರೆ, ಆಮೇಲೆ ಕೇಳೋದು ಮಾತ್ರ ಕಪ್ಪು ಕುಳಿಯ ಬಗ್ಗೆ. ಪತ್ರದಲ್ಲಿ, ಫೋನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಸಲ ಕೇಳುವವರಿಗೆ

ಕಪ್ಪು ಕುಳಿ ಅಂದ್ರ ಏನ್ರೀ ಸರ್? ಖರೇನೇ ತೂತು ಅದ ಏನು?

ತೂತಲ್ಲ. ತುಂಬಾ ತೂಕ ತುಂಬಾ ಚಿಕ್ಕ ಜಾಗದಲ್ಲಿ ಸೇರಿಕೊಂಡಿರುವ ಜಾಗ ಅದು. ಒಂದು ಕಲ್ಲನ್ನು ಮೇಲಕ್ಕೆ ಎಸೆದರೆ ವಾಪಸ್ ಬೀಳುತ್ತದೆ. ಸೆಕೆಂಡಿಗೆ 11.2 ಕಿ.ಮೀ. ವೇಗದಲ್ಲಿ ಎಸೆಯಲು ಆದರೆ ಅದು ಭೂಮಿಯನ್ನು ಬಿಟ್ಟೇ ಹೋಗುತ್ತದೆ. ಈಗ ಇಡೀ ಭೂಮಿಯನ್ನು, ಬೆಟ್ಟ ಸಮುದ್ರ ಎಲ್ಲ ಸೇರಿಸಿ, ಮಕ್ಕಳು ಆಡುವ ಗೋಲಿಯಷ್ಟಕ್ಕೆ ಹಿಚುಕಿದೆವು ಅಂದುಕೊಳ್ಳಿ. ತೂಕ ಅಷ್ಟೇ, ಗಾತ್ರ ಮಾತ್ರ 1.8 ಸೆಂ.ಮೀ. ಆಗ ಅದರಿಂದ ಬಿಡಿಸಿಕೊಂಡು ಹೋಗಲು ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುವ ಬೆಳಕಿಗೂ ಆಗುವುದಿಲ್ಲ. ಬೆಳಕೇ ಹೊರಗೆ ಬರದಿದ್ದರೆ ಅದು ಕಪ್ಪಾಗಿ ಕಾಣುತ್ತದೆ, ಅಲ್ವಾ? ಯಾವ ಅಂಚನ್ನು ದಾಟಿದರೆ ವಾಪಸ್ ಬರಲು ಆಗುವುದಿಲ್ಲವೋ ಅದಕ್ಕೆ ಘಟನಾ ದಿಗಂತ ಅನ್ನುತ್ತಾರೆ. ಅಲ್ಲಿ ಗೋಡೆ ಇಲ್ಲ, ನೆಲ ಇಲ್ಲ, ಗುರುತೂ ಇಲ್ಲ. ಬರೀ ಒಂದು ಗಡಿ.

ನಮ್ಮ ಗ್ಯಾಲಕ್ಸಿ ನಡುವ ಇರೋದು ಎಷ್ಟು ದೊಡ್ಡದ್ರಿ?

ಗ್ಯಾಲಕ್ಸಿ ಅಂದರೆ ನಕ್ಷತ್ರಗಳ ಭಾರಿ ಗುಂಪು, ನಮ್ಮ ಸೂರ್ಯ ಇರುವ ಗ್ಯಾಲಕ್ಸಿಯೇ ಹಾಲುಹಾದಿ. ಅದರ ನಡುವಿನ ಕಪ್ಪು ಕುಳಿಯ ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ಅಗಲ ಸುಮಾರು 2.5 ಕೋಟಿ ಕಿ.ಮೀ., ಅಂದರೆ ಸೂರ್ಯನ ಸುತ್ತ ಬುಧ ಸುತ್ತುವ ದಾರಿಯೊಳಗೆ ಆರಾಮಾಗಿ ಕೂರುತ್ತದೆ.

ಈ ಅಂಕಿಗಳು ತಲೆಗೆ ಹತ್ತುವುದಿಲ್ಲ, ನನಗೂ ಹತ್ತುತ್ತಿರಲಿಲ್ಲ. ಅದಕ್ಕೆ ನಾನು ತೊಗರಿ ಕಾಳು ಹಿಡಿದು ತೋರಿಸುತ್ತೇನೆ. ಸೂರ್ಯನನ್ನು ಐದು ಮಿಲಿಮೀಟರ್‌ನ ಒಂದು ತೊಗರಿ ಕಾಳು ಅಂದುಕೊಳ್ಳಿ. ಆ ಲೆಕ್ಕದಲ್ಲಿ ಕಪ್ಪು ಕುಳಿ ಒಂದು ಮೋಸಂಬಿ ಹಣ್ಣಿನಷ್ಟು. ಭೂಮಿ ಕಾಳಿನಿಂದ ಅರ್ಧ ಮೀಟರ್ ಆಚೆ ಇರುವ ಒಂದು ಧೂಳಿನ ಕಣ. ಸೂರ್ಯನಿಗೆ ಹತ್ತಿರದ ನಕ್ಷತ್ರ? ಇನ್ನೊಂದು ಕಾಳು, ಸುಮಾರು 145 ಕಿ.ಮೀ. ದೂರದಲ್ಲಿ, ಅಂದರೆ ಕಲಬುರಗಿಯಿಂದ ಬೀದರಿಗೆ ಹೋಗಿ ಇನ್ನೂ ಒಂದಿಷ್ಟು ಮುಂದೆ. ಇನ್ನು ಆ ಮೋಸಂಬಿ ಇರುವುದು ಸುಮಾರು 9 ಲಕ್ಷ ಕಿ.ಮೀ. ಆಚೆ. ನಿಜವಾದ ಚಂದ್ರನಿಗೆ ಹೋಗಿ ವಾಪಸ್ ಬಂದರೂ ಅಷ್ಟು ದೂರ ಆಗುವುದಿಲ್ಲ. ಕಾಳು ಹಿಡಿದು ಇದನ್ನು ಹೇಳಿದಾಗ ಮಕ್ಕಳು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಕ್ಷಣಕ್ಕಾಗಿಯೇ ನಾನು ಈ ಕೆಲಸ ಮಾಡುವುದು.

ಮಾಸ್ತರ್ರೇ, ಅದು ನಮ್ಮ ಭೂಮೀನ ನುಂಗ್ತದ ಏನು? ಟಿವಿಯಾಗ ಹಂಗ ಹೇಳಿದ್ರು.

ಇಲ್ಲವ್ವ, ನುಂಗಲ್ಲ. ಈ ಪ್ರಶ್ನೆ ಕೇಳಿದ ಅಜ್ಜಿಯೊಬ್ಬರು ರಾತ್ರಿ ನಿದ್ದೆ ಬರಲ್ಲ ಅಂದಿದ್ದರು, ಅದಕ್ಕೇ ಸ್ಪಷ್ಟವಾಗಿ ಬರೆಯುತ್ತೇನೆ. ಕಪ್ಪು ಕುಳಿ ದೂರದ್ದನ್ನು ಎಳೆದು ತಿನ್ನುವ ರಾಕ್ಷಸ ಅಲ್ಲ. ದೂರದಲ್ಲಿರುವವರ ಮಟ್ಟಿಗೆ ಅದು ಬೇರೆ ಯಾವುದೇ ತೂಕದ ವಸ್ತುವಿನ ಹಾಗೇ ನಡೆದುಕೊಳ್ಳುತ್ತದೆ. ಸೂರ್ಯನನ್ನು ತೆಗೆದು ಅದೇ ತೂಕದ ಕಪ್ಪು ಕುಳಿ ಇಟ್ಟರೂ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. ಕತ್ತಲೆ, ಚಳಿ ಆಗುತ್ತದೆ, ಆದರೆ ಯಾರೂ ಒಳಗೆ ಬೀಳುವುದಿಲ್ಲ. ನಮ್ಮ ಗ್ಯಾಲಕ್ಸಿಯ ಕಪ್ಪು ಕುಳಿ ಇರುವುದು ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ. ಬೆಳಕೇ ಅಲ್ಲಿಂದ ಇಲ್ಲಿಗೆ ಬರಲು ಅಷ್ಟು ವರ್ಷ ತಗೊಳ್ಳುತ್ತದೆ. ನಿಶ್ಚಿಂತೆಯಿಂದ ಮಲಗಿ.

ನಮ್ಮ ಮಾಳಿಗಿ ಮ್ಯಾಲಿಂದ ಅದು ಕಾಣ್ತದೇನು?

ಕಪ್ಪು ಕುಳಿ ಕಾಣಲ್ಲ. ಆದರೆ ಅದು ಇರುವ ದಿಕ್ಕಿಗೆ ನೀವು ಬೆರಳು ಮಾಡಿ ತೋರಿಸಬಹುದು. ಇದಕ್ಕೆ ನಮ್ಮ ಊರು ಒಳ್ಳೆಯ ಜಾಗ. ದಿಲ್ಲಿಯವರಿಗೆ ಆ ಭಾಗ ಆಕಾಶದಲ್ಲಿ ತಗ್ಗಿನಲ್ಲಿ ಕಾಣುತ್ತದೆ. ನಮಗೆ ದಕ್ಷಿಣದಲ್ಲಿ ಸುಮಾರು 44 ಡಿಗ್ರಿ ಎತ್ತರಕ್ಕೆ, ಅಂದರೆ ನೆತ್ತಿಯ ಅರ್ಧ ದಾರಿಗೆ ಏರುತ್ತದೆ.

ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲಿಗೆ ಒಳಗೆ ಮಲಗಲು ಆಗದೆ ಎಷ್ಟೋ ಜನ ಮಾಳಿಗೆ ಮೇಲೆ ಹಾಸಿಗೆ ಹಾಕುತ್ತಾರಲ್ಲ, ಆ ತಿಂಗಳುಗಳೇ ಸರಿ. ಏಪ್ರಿಲ್, ಮೇನಲ್ಲಿ ರಾತ್ರಿ ಮೂರು ಗಂಟೆಗೆ ನೀರು ಕುಡಿಯಲು ಎದ್ದಾಗ ದಕ್ಷಿಣಕ್ಕೆ ತಿರುಗಿ. ಮೊದಲು ಚೇಳು ಹುಡುಕಿ. ಕೆಂಪಗೆ ಹೊಳೆಯುವ ಜ್ಯೇಷ್ಠಾ ಅದರ ಎದೆ, ಅಲ್ಲಿಂದ ಕೆಳಗಿಳಿದು ಕೊಕ್ಕೆಯ ಹಾಗೆ ಬಾಗಿದ್ದು ಬಾಲ. ಬಾಲದ ಎಡಗಡೆ ಚಹಾ ಕೆಟ್ಲಿಯ ಆಕಾರದಲ್ಲಿ ಧನು ರಾಶಿ ಇದೆ. ಕೆಟ್ಲಿಯ ಮೂತಿಯಿಂದ ಬಲಕ್ಕೆ, ತೋಳು ಚಾಚಿ ಹಿಡಿದ ಮೂರು ಬೆರಳಿನಷ್ಟು ಜಾಗ ಬಿಟ್ಟರೆ ಅದೇ ನಮ್ಮ ಗ್ಯಾಲಕ್ಸಿಯ ನಡು. ಊರ ದೀಪಗಳಿಂದ ದೂರ ಹೋದರೆ, ನಾನಂತೂ ಚಿಂಚೋಳಿ ಕಾಡಿನ ಕಡೆ ಹೋಗುತ್ತೇನೆ, ಹಾಲುಹಾದಿ ಅಲ್ಲೇ ಎಲ್ಲಕ್ಕಿಂತ ದಪ್ಪಗೆ, ಹಾಲು ಉಕ್ಕಿದ ಹಾಗೆ ಕಾಣುತ್ತದೆ. ಬೆಳಗಿನ ಜಾವ ಏಳಲು ಆಗದವರು ದಸರಾ ಹೊತ್ತಿಗೆ ಮೋಡ ಇಲ್ಲದ ಸಂಜೆ ಏಳೂವರೆಗೆ ನೈರುತ್ಯಕ್ಕೆ ನೋಡಿ. ಜೂನ್, ಜುಲೈಯಲ್ಲಿ ಅದು ರಾತ್ರಿಯೆಲ್ಲ ಮೇಲೇ ಇರುತ್ತದೆ, ಆದರೆ ಮಳೆಗಾಲ.

ನೀವು ನೋಡುವ ಆ ಬೆಳಕಿನ ಹಿಂದೆ ದಟ್ಟವಾದ ಧೂಳು ಇದೆ. ನಡುವಿನಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲಷ್ಟೇ ಧೂಳು ದಾಟಿ ನಮಗೆ ತಲುಪುತ್ತದೆ. ಎಂಥ ದೊಡ್ಡ ದೂರದರ್ಶಕ ಇದ್ದರೂ ಬರೀ ಕಣ್ಣಿನ ಬೆಳಕಿನಲ್ಲಿ ಅಲ್ಲಿಯವರೆಗೆ ನೋಡಲು ಆಗಲ್ಲ.

ಅದು ಮೂಲಾ ನಕ್ಷತ್ರದಾಗ ಅದ ಅಂತಾರ. ಅದಕ್ಕ ಮೂಲಾದ ಹೆಣ್ಣು ಮಾವಗ ಆಗಂಗಿಲ್ಲೇನು?

ಚೇಳಿನ ಬಾಲದ ಕೊಂಡಿಯೇ ಮೂಲಾ. ಗ್ಯಾಲಕ್ಸಿಯ ನಡು ಅದರಿಂದ ಹೆಚ್ಚು ಕಡಿಮೆ ಒಂದು ಮುಷ್ಟಿ ಅಗಲದಷ್ಟು ದೂರದ ದಿಕ್ಕಿನಲ್ಲಿ ಇದೆ, ಅಷ್ಟು ನಿಜ. ದಿಕ್ಕು ಒಂದೇ ಆದರೂ ದೂರ ಬೇರೆ. ಕೊಂಡಿಯ ನಕ್ಷತ್ರ ನಮಗೆ ಕೆಲವು ನೂರು ಜ್ಯೋತಿರ್ವರ್ಷ ದೂರದಲ್ಲಿದೆ, ಕಪ್ಪು ಕುಳಿ 26,000. ಹೆಸರು ಇಟ್ಟ ಹಿರಿಯರಿಗೆ ಕಪ್ಪು ಕುಳಿ ಗೊತ್ತಿತ್ತು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಎರಡನೆಯ ಮಾತು ನನಗೆ ನೋವಿನದು. ನಮ್ಮ ಅಕ್ಕನ ನಕ್ಷತ್ರ ಮೂಲಾ. ಅದೊಂದೇ ಕಾರಣಕ್ಕೆ ಎರಡು ಸಂಬಂಧ ಮುರಿದು ಬಿದ್ದವು, ಅವಳು ಒಂದು ವರ್ಷ ಯಾರ ಮದುವೆಗೂ ಹೋಗಲಿಲ್ಲ. ಹುಟ್ಟಿದ ದಿನ ಚಂದ್ರ ಆ ನಕ್ಷತ್ರದ ಕಡೆ ಕಂಡ ಅಂತ ಒಂದು ಹುಡುಗಿಯಿಂದ ಯಾರ ಜೀವಕ್ಕೂ ಏನೂ ಆಗುವುದಿಲ್ಲ. ಚಂದ್ರ ತಿಂಗಳಿಗೊಮ್ಮೆ ಅಲ್ಲಿ ಹಾದು ಹೋಗುತ್ತಾನೆ, ಎಲ್ಲರ ಮನೆ ಮೇಲೂ ಒಂದೇ ಥರ. ದಯವಿಟ್ಟು ಕಪ್ಪು ಕುಳಿಯ ಹೆಸರನ್ನು ಈ ಹಳೆಯ ಹೆದರಿಕೆಗೆ ಹೊಸ ಸಾಕ್ಷಿ ಮಾಡಬೇಡಿ.

## ಸ್ವಲ್ಪ ಗೊತ್ತಿದ್ದವರು ಕೇಳುವುದು

ಕಾಣಂಗಿಲ್ಲ ಅಂತೀರಿ. ಮತ್ತ ಅದು ಅದ ಅಂತ ಹೆಂಗ ಗೊತ್ತಾಯ್ತು?

ಅದರ ನೆರೆಹೊರೆಯನ್ನು ನೋಡಿ. ನನಗೆ ಈ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾದ ಭಾಗ ಇದೇ.

1930ರ ದಶಕದ ಶುರುವಿನಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ ರೇಡಿಯೋ ಸಂಪರ್ಕಕ್ಕೆ ಅಡ್ಡ ಬರುವ ಸದ್ದು ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಿದ್ದರು. ಒಂದು ಸಣ್ಣ ಸುಯ್ ಸದ್ದು ಪ್ರತಿದಿನ ನಾಲ್ಕು ನಿಮಿಷ ಮೊದಲೇ ಬರುತ್ತಿತ್ತು. ನಕ್ಷತ್ರಗಳು ಆಕಾಶದಲ್ಲಿ ಮೂಡುವುದೂ ದಿನಕ್ಕೆ ನಾಲ್ಕು ನಿಮಿಷ ಬೇಗ. ಅಂದರೆ ಸದ್ದು ಭೂಮಿಯದ್ದಲ್ಲ, ಸೂರ್ಯನದ್ದೂ ಅಲ್ಲ, ಹಾಲುಹಾದಿಯದ್ದು. 1974ರಲ್ಲಿ ಬ್ರೂಸ್ ಬ್ಯಾಲಿಕ್ ಮತ್ತು ರಾಬರ್ಟ್ ಬ್ರೌನ್ ಅದೇ ದಿಕ್ಕಿನ ನಟ್ಟನಡುವೆ ಚುಕ್ಕೆಯಂಥ ಒಂದು ರೇಡಿಯೋ ಮೂಲ ಕಂಡರು. ಸ್ಯಾಜಿಟೇರಿಯಸ್ ಎ ಅನ್ನುವ ಹೆಸರಿಗೆ ‘ಸ್ಟಾರ್’, ಅಂದರೆ * ಗುರುತು, ಸೇರಿಸಿದ್ದು ಬ್ರೌನ್, 1982ರಲ್ಲಿ.

ಆಮೇಲೆ ಬಂತು ತಾಳ್ಮೆಯ ಕೆಲಸ. 1990ರ ದಶಕದಿಂದ ಎರಡು ತಂಡಗಳು, ರೈನ್‌ಹಾರ್ಡ್ ಗೆಂಜೆಲ್ ಅವರದ್ದು ಚಿಲಿಯ ದೂರದರ್ಶಕಗಳಲ್ಲಿ, ಆಂಡ್ರಿಯಾ ಗೇಜ್ ಅವರದ್ದು ಹವಾಯಿಯಲ್ಲಿ, ಕಣ್ಣಿಗೆ ಕಾಣದ, ಆದರೆ ಧೂಳು ದಾಟಿ ಬರುವ ಅವಕೆಂಪು ಬೆಳಕಿನಲ್ಲಿ ನಡುವಿನ ನಕ್ಷತ್ರಗಳನ್ನು ವರ್ಷ ವರ್ಷ ಗುರುತು ಹಾಕುತ್ತಾ ಹೋದವು. ಎಸ್2 ಅನ್ನುವ ನಕ್ಷತ್ರ ಒಂದು ಖಾಲಿ ಜಾಗದ ಸುತ್ತ 16 ವರ್ಷಕ್ಕೊಂದು ಸುತ್ತು ಹಾಕುತ್ತಿತ್ತು. 2018ರ ಮೇನಲ್ಲಿ ಅದು ತೀರಾ ಹತ್ತಿರ ಬಂದಾಗ ಅದರ ವೇಗ ಸೆಕೆಂಡಿಗೆ ಸುಮಾರು 7,700 ಕಿ.ಮೀ. ಯಾವುದೂ ಕಾಣದ ಜಾಗದ ಸುತ್ತ ಒಂದು ಇಡೀ ನಕ್ಷತ್ರ ಹೀಗೆ ಓಡುತ್ತಿದೆ ಅಂದರೆ ಅಲ್ಲಿ ಏನೋ ಭಾರಿ ತೂಕ ಇದೆ. ಎಷ್ಟು ಅಂತ ಲೆಕ್ಕ ಹಾಕಿದರೆ ಬರುವುದೇ ಆ ಸುಮಾರು 43 ಲಕ್ಷ. ಅಷ್ಟು ತೂಕವನ್ನು ಅಷ್ಟು ಚಿಕ್ಕ ಜಾಗದಲ್ಲಿ ಕತ್ತಲಾಗಿ ಇಡಬಲ್ಲದ್ದು ನಮಗೆ ಗೊತ್ತಿರುವುದರಲ್ಲಿ ಕಪ್ಪು ಕುಳಿ ಮಾತ್ರ. 2020ರ ಭೌತವಿಜ್ಞಾನದ ನೊಬೆಲ್‌ನ ಅರ್ಧ ಈ ಇಬ್ಬರಿಗೆ ಬಂತು, ಇನ್ನರ್ಧ ಕಪ್ಪು ಕುಳಿ ಹುಟ್ಟಬಲ್ಲದು ಅಂತ ಗಣಿತದಲ್ಲಿ ತೋರಿಸಿದ ರೋಜರ್ ಪೆನ್‌ರೋಸ್ ಅವರಿಗೆ.

ಫೋಟೋ ತೆಗದಾರಲ್ರೀ, ಕಿತ್ತಳಿ ಬಣ್ಣದ ಉಂಗುರದ್ದು. ಅದು ಖರೇ ಫೋಟೋನಾ?

ಹೌದು, ಆದರೆ ಕ್ಯಾಮೆರಾದ್ದಲ್ಲ. ಹವಾಯಿ, ಅರಿಜೋನಾ, ಮೆಕ್ಸಿಕೊ, ಚಿಲಿ, ಸ್ಪೇನ್, ದಕ್ಷಿಣ ಧ್ರುವ, ಈ ಆರು ಕಡೆಯ ಎಂಟು ರೇಡಿಯೋ ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ ಒಂದೇ ಹೊತ್ತಿಗೆ ಒಂದೇ ಕಡೆ ನೋಡಿದವು. ಎಲ್ಲ ಸೇರಿ ಭೂಮಿಯಷ್ಟು ದೊಡ್ಡ ಒಂದು ದೂರದರ್ಶಕದ ಹಾಗೆ ಕೆಲಸ ಮಾಡಿದವು. ನಮ್ಮ ಗ್ಯಾಲಕ್ಸಿಯ ಕಪ್ಪು ಕುಳಿಯ ಉಂಗುರ ಆಕಾಶದಲ್ಲಿ ಎಷ್ಟು ಚಿಕ್ಕದು ಅಂದರೆ, ಚಂದ್ರನ ಮೇಲೆ ಒಂದು ಉದ್ದಿನ ವಡೆ ಇಟ್ಟು ಅದನ್ನು ಇಲ್ಲಿಂದ ನೋಡಿದ ಹಾಗೆ. ಚಿತ್ರದ ಕಿತ್ತಳೆ ಬಣ್ಣ ನಾವು ಕೊಟ್ಟದ್ದು. ಅಲ್ಲಿಂದ ಬಂದದ್ದು 1.3 ಮಿ.ಮೀ. ಅಲೆಯ ರೇಡಿಯೋ ಬೆಳಕು.

ಬೀದರಿನ ಬಿದರಿ ಕೆಲಸ ನೋಡಿದ್ದೀರಲ್ಲ? ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುತ್ತಾರೆ. ಬೆಳ್ಳಿ ಇರುವುದರಿಂದಲೇ ಆ ಕಪ್ಪಿನ ಅಂಚು ಎದ್ದು ಕಾಣುತ್ತದೆ. ಈ ಚಿತ್ರವೂ ಹಾಗೇ. ಉಂಗುರ ಅಂದರೆ ಸುತ್ತಲಿನ ಬಿಸಿ ಅನಿಲದ ಬೆಳಕು ಬಾಗಿ ಬಂದದ್ದು. ನಡುವಿನ ಕಪ್ಪು ಅಂದರೆ ಬೆಳಕು ವಾಪಸ್ ಬರದ ಜಾಗದ ನೆರಳು.

ಮತ್ತ ಎರಡು ಫೋಟೋ ಯಾಕ ಅದಾವ?

ಮೊದಲನೆಯದು, 2019ರ ಏಪ್ರಿಲ್ 10ರಂದು ಬಂದದ್ದು, ಎಂ87 ಅನ್ನುವ ಬೇರೆ ಗ್ಯಾಲಕ್ಸಿಯದ್ದು. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರ, ತೂಕ 650 ಕೋಟಿ ಸೂರ್ಯರಷ್ಟು. ನಮ್ಮದು ಬಂದದ್ದು 2022ರ ಮೇ 12ರಂದು. ನಮ್ಮದು ಚಿಕ್ಕದಾದ್ದರಿಂದ ಅದರ ಸುತ್ತಲಿನ ಅನಿಲ ಕೆಲವೇ ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಓಡಾಡುವ ಮಗುವಿನ ಫೋಟೋ ತೆಗೆದ ಹಾಗೆ ಚಿತ್ರ ಕಲಸಿ ಹೋಗುತ್ತದೆ. ಅದನ್ನು ಬಿಡಿಸಲು ಇಷ್ಟು ವರ್ಷ ಬೇಕಾಯಿತು.

ಇಡೀ ಗ್ಯಾಲಕ್ಸಿನ ತಿರುಗಿಸೋದು ಅದೇ ಏನು, ಗಾಣದ ಕಣೆ ಇದ್ದಂಗ?

ಅಲ್ಲ. ಇದು ಓದಿಕೊಂಡವರೂ ಮಾಡುವ ತಪ್ಪು. ಸೂರ್ಯ ಸೆಕೆಂಡಿಗೆ 220–230 ಕಿ.ಮೀ. ವೇಗದಲ್ಲಿ ಗ್ಯಾಲಕ್ಸಿಯ ನಡುವನ್ನು ಸುತ್ತುತ್ತಾನೆ, ಒಂದು ಸುತ್ತಿಗೆ 23 ಕೋಟಿ ವರ್ಷದ ಆಸುಪಾಸು. ಆದರೆ ಅವನನ್ನು ಹಿಡಿದಿರುವುದು ಅವನ ದಾರಿಯ ಒಳಗಿರುವ ಎಲ್ಲದರ ಒಟ್ಟು ತೂಕ: ನಕ್ಷತ್ರ, ಅನಿಲ, ಕಾಣದ ಕಪ್ಪು ದ್ರವ್ಯ, ಸುಮಾರು 10,000 ಕೋಟಿ ಸೂರ್ಯರಷ್ಟು. ಅದರ ಮುಂದೆ 43 ಲಕ್ಷ ಏನೂ ಅಲ್ಲ. ಕಪ್ಪು ಕುಳಿಯನ್ನು ನಾಳೆ ತೆಗೆದುಬಿಟ್ಟರೂ ಸೂರ್ಯನ ದಾರಿಗೆ ಏನೂ ಆಗುವುದಿಲ್ಲ. ಅದರ ಹಿಡಿತ ಇರುವುದು ನಡುವಿನ ಕೆಲವು ಜ್ಯೋತಿರ್ವರ್ಷದೊಳಗೆ ಮಾತ್ರ.

ನಮ್ಮ ಮಂದಿ ಯಾರೂ ಇದರಾಗ ಕೆಲಸ ಮಾಡಿಲ್ಲೇನು?

ಮಾಡಿದ್ದಾರೆ, ಅದೂ ಬುಡದ ಕೆಲಸ. ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ ಓದಲು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಸತ್ತ ನಕ್ಷತ್ರದ ತಿರುಳು ಒಂದು ಮಿತಿ ದಾಟಿದರೆ ಕುಸಿಯಲೇಬೇಕು ಅಂತ ಲೆಕ್ಕ ಹಾಕಿದರು. ಆ ಮಿತಿ ಸುಮಾರು 1.4 ಸೂರ್ಯನಷ್ಟು. ನೊಬೆಲ್ ಬಂದದ್ದು 1983ರಲ್ಲಿ.

ಇನ್ನೊಬ್ಬರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ (1938–2017). ಕಪ್ಪು ಕುಳಿಯನ್ನು ಅಲುಗಿಸಿದರೆ ಏನಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ, ಗುಡಿಯ ಗಂಟೆ ಬಾರಿಸಿದ ಹಾಗೆ ಅದು ಒಂದು ಸ್ವರದಲ್ಲಿ ಕಂಪಿಸಿ ಸುಮ್ಮನಾಗುತ್ತದೆ ಅಂತ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಹಿಡಿಯುವ ಅಮೆರಿಕದ ಯಂತ್ರ ಲೈಗೋ, ಎರಡು ಕಪ್ಪು ಕುಳಿಗಳು ಸೇರಿದ್ದರ ಅಲೆಯನ್ನು ಹಿಡಿದಾಗ, ಅದರ ಕೊನೆಯಲ್ಲಿ ಇದ್ದದ್ದು ಆ ಗಂಟೆಯದೇ ಸ್ವರ. ಬೆಂಗಳೂರಿನ ನೆಹರು ತಾರಾಲಯವನ್ನು ಶುರುವಿನಿಂದ ಕಟ್ಟಿ ಬೆಳೆಸಿದವರೂ ಅವರೇ. ಕನ್ನಡದ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು.

ಇನ್ನು ನಮ್ಮ ಕಲಬುರಗಿ. ಫಿರೋಜ್ ಶಾ ಬಹಮನಿ (ಆಳ್ವಿಕೆ 1397–1422) 1407ರಲ್ಲಿ ದೌಲತಾಬಾದಿನ ಹತ್ತಿರ ಆಕಾಶ ನೋಡಲು ವೀಕ್ಷಣಾಲಯ ಕಟ್ಟಿಸಲು ಶುರು ಮಾಡಿದ್ದ. ಹೊಣೆ ಹೊತ್ತ ವಿದ್ವಾಂಸ ತೀರಿಕೊಂಡು ಕೆಲಸ ಅರ್ಧಕ್ಕೇ ನಿಂತಿತು. ಅವನ ಗೋರಿ ನಮ್ಮ ಹಫ್ತ್ ಗುಂಬಜ್‌ನಲ್ಲಿದೆ. ಆ ಕಡೆ ಹೋದಾಗಲೆಲ್ಲ ಆ ಅರ್ಧ ಕಟ್ಟಿದ ಕಟ್ಟಡ ನೆನಪಾಗುತ್ತದೆ.

ಔಂಢಾ ನಾಗನಾಥದ ಹತ್ರ ಏನೋ ಕಟ್ಲಿಕತ್ತಾರಂತಲ್ಲ, ಅಲ್ಲಿ ನಮ್ಮ ಕಪ್ಪು ಕುಳಿ ಕಾಣ್ತದೇನು?

ಅದು ಲೈಗೋ-ಇಂಡಿಯಾ. ಜ್ಯೋತಿರ್ಲಿಂಗ ದರ್ಶನಕ್ಕೆ ನಮ್ಮ ಕಡೆಯವರು ನಾಂದೇಡ್ ದಾಟಿ ಹೋಗುವ ಊರೇ, ಹಿಂಗೋಲಿ ಜಿಲ್ಲೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ತಲಾ ನಾಲ್ಕು ಕಿ.ಮೀ. ಉದ್ದದ ಎರಡು ತೋಳುಗಳ ಯಂತ್ರ ಅದು. ಹಿಡಿಯುವುದು ಹತ್ತಾರು ಸೂರ್ಯರ ತೂಕದ ಕಪ್ಪು ಕುಳಿಗಳು ಡಿಕ್ಕಿಯಾದಾಗ ಬರುವ ಅಲೆ. ಲಕ್ಷ, ಕೋಟಿ ಸೂರ್ಯರಷ್ಟು ತೂಕದವು ಎಬ್ಬಿಸುವ ಅಲೆ ತೀರಾ ನಿಧಾನ, ನೆಲದ ಮೇಲಿನ ಯಂತ್ರಕ್ಕೆ ಸಿಗುವುದಿಲ್ಲ. ಅದಕ್ಕೆ ಯುರೋಪಿನವರು ಲೀಸಾ ಅಂತ ಮೂರು ನೌಕೆಗಳನ್ನು ಬಾಹ್ಯಾಕಾಶಕ್ಕೆ ಕಳಿಸಲು ತಯಾರಿ ಮಾಡುತ್ತಿದ್ದಾರೆ.

## ಆಳಕ್ಕೆ ಇಳಿಯುವವರಿಗೆ

ಒಳಗ ಬಿದ್ರ ಏನಾಗ್ತದ? ಶಾವಿಗಿ ಆಗ್ತೀವಿ ಅಂತಾರ.

ಯಾವ ಕಪ್ಪು ಕುಳಿ ಅನ್ನುವುದರ ಮೇಲೆ ಇದೆ. ಹತ್ತು ಸೂರ್ಯರಷ್ಟು ತೂಕದ್ದಾದರೆ ಅಂಚಿಗೆ ಹೋಗುವ ಮೊದಲೇ ಕಾಲಿನ ಮೇಲಿನ ಎಳೆತಕ್ಕೂ ತಲೆಯ ಮೇಲಿನ ಎಳೆತಕ್ಕೂ ಇರುವ ವ್ಯತ್ಯಾಸ ಮೈಯನ್ನು ಶಾವಿಗೆಯ ಹಾಗೆ ಎಳೆದು ಹರಿದು ಹಾಕುತ್ತದೆ. ನಮ್ಮ ಗ್ಯಾಲಕ್ಸಿಯದ್ದು ಹಾಗಲ್ಲ. ಅದರ ಅಂಚಿನಲ್ಲಿ ಆ ವ್ಯತ್ಯಾಸ ಎಷ್ಟು ಕಡಿಮೆ ಅಂದರೆ ದಾಟಿದ್ದು ಮೈಗೆ ಗೊತ್ತೇ ಆಗಲ್ಲ. ದೊಡ್ಡದಾದಷ್ಟೂ ಅಂಚು ಮೃದು. ಆದರೆ ದಾಟಿದ ಮೇಲೆ ನಿಮ್ಮ ಗಡಿಯಾರದಲ್ಲಿ ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು ಉಳಿದಿರುತ್ತದೆ. ಶಾವಿಗೆ ಆಗುವುದು ಆಮೇಲೆ, ಒಳಗೆ.

ಅದರ ಹತ್ರ ಟೈಮ್ ನಿಧಾನ ಆಗ್ತದಂತ. ಯಾರರ ಅಳದು ನೋಡ್ಯಾರೇನು?

ಅಳೆದಿದ್ದಾರೆ. 2018ರಲ್ಲಿ ಎಸ್2 ಹತ್ತಿರ ಹಾದು ಹೋದಾಗ ಅದರ ಬೆಳಕು ಬರೀ ಓಟದ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಕೆಂಪಿಗೆ ಸರಿಯಿತು. ಅಲ್ಲಿಯ ಗಡಿಯಾರ ನಿಧಾನವಾಗಿ ನಡೆದದ್ದರ ಗುರುತು ಅದು, ಐನ್‌ಸ್ಟೈನ್ ಹೇಳಿದಷ್ಟೇ. 2020ರಲ್ಲಿ ಗೆಂಜೆಲ್ ಅವರ ತಂಡ ಇನ್ನೊಂದನ್ನು ತೋರಿಸಿತು: ಎಸ್2ನ ಮೊಟ್ಟೆಯಾಕಾರದ ದಾರಿಯೇ ಸುತ್ತಿನಿಂದ ಸುತ್ತಿಗೆ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ತಿರುಗುತ್ತಿದೆ, ಮಕ್ಕಳು ಬರೆಯುವ ಹೂವಿನ ದಳಗಳ ಹಾಗೆ.

ಇಷ್ಟು ದೊಡ್ಡದು ಹೆಂಗ ಹುಟ್ಟಿತು?

ಇದು ವಿಜ್ಞಾನಿಗಳ ನಡುವೆ ಇನ್ನೂ ತೀರ್ಮಾನ ಆಗದ ಪ್ರಶ್ನೆ. ಸತ್ತ ನಕ್ಷತ್ರಗಳ ಚಿಕ್ಕ ಕುಳಿಗಳು ಅನಿಲ ತಿಂದು, ಒಂದಕ್ಕೊಂದು ಸೇರಿ ಬೆಳೆದವು ಅನ್ನುವುದು ಒಂದು ದಾರಿ. ದೊಡ್ಡ ಅನಿಲದ ಮೋಡವೇ ನೇರ ಕುಸಿಯಿತು ಅನ್ನುವುದು ಇನ್ನೊಂದು. ವಿಶ್ವ ಇನ್ನೂ ಎಳೆ ವಯಸ್ಸಿನಲ್ಲಿದ್ದಾಗಲೇ ಇದ್ದ ದೊಡ್ಡ ದೊಡ್ಡ ಕಪ್ಪು ಕುಳಿಗಳನ್ನು ಜೇಮ್ಸ್ ವೆಬ್ ದೂರದರ್ಶಕ ಕಾಣುತ್ತಿರುವುದರಿಂದ ಎರಡನೆಯದರ ಕಡೆ ವಾಲುವವರು ಜಾಸ್ತಿ ಆಗುತ್ತಿದ್ದಾರೆ.

ಸರ್, ಕಥಿ ಬರೀಲಿಕತ್ತೀನಿ. ನನ್ನ ಗ್ಯಾಲಕ್ಸಿ ನಡುವ ನಾನೇ ಒಂದು ಕಪ್ಪು ಕುಳಿ ಇಡಬೇಕು. ಏನೇನು ಸರಿ ಇರಬೇಕು?

ಯಾದಗಿರಿಯ ಒಬ್ಬ ಪಿಯುಸಿ ಹುಡುಗಿ ಕೇಳಿದ್ದು. ನನಗೆ ಬಂದ ಪ್ರಶ್ನೆಗಳಲ್ಲೇ ಚೆಂದದ್ದು, ಅದಕ್ಕೆ ಉದ್ದ ಬರೆಯುತ್ತೇನೆ.

ತಂಗೀ, ಮೊದಲು ತೂಕ ಗೊತ್ತು ಮಾಡು. ಒಂದು ಸೂರ್ಯನಿಗೆ ಮೂರು ಕಿ.ಮೀ. ತ್ರಿಜ್ಯ, ಇಷ್ಟು ನೆನಪಿಟ್ಟರೆ ಸಾಕು. ನೀನು 10 ಕೋಟಿ ಸೂರ್ಯರಷ್ಟು ಅಂದರೆ ತ್ರಿಜ್ಯ 30 ಕೋಟಿ ಕಿ.ಮೀ. ನಮ್ಮ ಸೂರ್ಯನ ಜಾಗದಲ್ಲಿ ಇಟ್ಟರೆ ಮಂಗಳನ ದಾರಿಯೂ ಒಳಗೆ ಹೋಗುತ್ತದೆ. ಈ ತೂಕ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಇದಕ್ಕಿಂತ ಹಗುರವಾದವು ಸೂರ್ಯನಂಥ ನಕ್ಷತ್ರವನ್ನು ಹರಿದು ತಿನ್ನುತ್ತವೆ, ಆಗ ತಿಂಗಳುಗಟ್ಟಲೆ ಬೆಳಕು ಹೊಮ್ಮುತ್ತದೆ. ಇದಕ್ಕಿಂತ ಭಾರದವು ನಕ್ಷತ್ರವನ್ನು ಇಡಿಯಾಗಿ, ಸದ್ದಿಲ್ಲದೆ ಒಳಗೆ ತಗೊಳ್ಳುತ್ತವೆ. ಗಡಿಯ ಮೇಲೆ ನಿಂತರೆ ನಿನ್ನ ಕಥೆಗೆ ಎರಡೂ ದಾರಿ ತೆರೆದಿರುತ್ತದೆ.

ಗ್ಯಾಲಕ್ಸಿಗೂ ಅದಕ್ಕೂ ಹೊಂದಾಣಿಕೆ ಇರಲಿ. ದೊಡ್ಡ ಕಪ್ಪು ಕುಳಿ ಇರುವ ಕಡೆ ನಡುವಿನ ನಕ್ಷತ್ರಗಳ ಉಬ್ಬೂ ದೊಡ್ಡದಿರುತ್ತದೆ, ಉಬ್ಬಿನ ತೂಕ ಸಾಮಾನ್ಯವಾಗಿ ಕುಳಿಯ ಕೆಲವು ನೂರರಿಂದ ಸಾವಿರ ಪಟ್ಟು. ತಿನ್ನುವ ಕುಳಿಯೋ, ಉಪವಾಸದ ಕುಳಿಯೋ ಅದನ್ನೂ ಗೊತ್ತು ಮಾಡು. ನಮ್ಮದು ಈಗ ಉಪವಾಸ. ಜೋರಾಗಿ ತಿನ್ನುವುದಾದರೆ ಸುತ್ತಲಿನ ಬಿಸಿ ಅನಿಲದ ತಟ್ಟೆ ಇಡೀ ಗ್ಯಾಲಕ್ಸಿಗಿಂತ ಜಾಸ್ತಿ ಹೊಳೆಯುತ್ತದೆ, ಹತ್ತಿರದ ಗ್ರಹದಲ್ಲಿ ಜೀವ ಉಳಿಯಲ್ಲ. ನಿನ್ನ ಪಾತ್ರಗಳು ಬದುಕಬೇಕಾದರೆ ಉಪವಾಸದ್ದೇ ಇಡು. ತಟ್ಟೆ ಬರೆಯುವಾಗ ಒಂದು ಬದಿ ಜಾಸ್ತಿ ಬೆಳಗಲಿ, ನಮ್ಮ ಕಡೆ ಓಡಿ ಬರುವ ಅನಿಲ ಹೆಚ್ಚು ಹೊಳೆಯುತ್ತದೆ.

ಸಮಯದ ಆಟ ಆಡಬೇಕಂತ ನಿನಗೆ ಆಸೆ ಇರುತ್ತದೆ. ಬುಗುರಿಯ ಹಾಗೆ ತನ್ನ ಸುತ್ತ ತಾನೇ ತಿರುಗದ ಕಪ್ಪು ಕುಳಿಯಾದರೆ, ಬೀಳದೆ ಸುತ್ತಬಹುದಾದ ಕೊನೆಯ ದಾರಿಯಲ್ಲಿ, ಅಂದರೆ ನಿನ್ನದರಲ್ಲಿ 90 ಕೋಟಿ ಕಿ.ಮೀ. ದೂರದಲ್ಲಿ, ಅಲ್ಲಿಯ ಒಂದು ಗಂಟೆ ದೂರದವರಿಗೆ ಒಂದು ಗಂಟೆ 25 ನಿಮಿಷ, ಅಷ್ಟೇ. ಅಲ್ಲಿ ಒಂದು ಗಂಟೆ ಕಳೆದರೆ ಮನೆಯಲ್ಲಿ ವರ್ಷಗಳು ಕಳೆಯಬೇಕು ಅಂದರೆ ಕುಳಿಯೇ ತನ್ನ ಸುತ್ತ ಹೆಚ್ಚು ಕಡಿಮೆ ತಿರುಗಬಹುದಾದ ಮಿತಿಯ ವೇಗದಲ್ಲಿ ತಿರುಗುತ್ತಿರಬೇಕು. ಹಾಗಂತ ಕಥೆಯಲ್ಲಿ ಒಂದು ಸಾಲು ಹೇಳಿಬಿಡು.

ಆಮೇಲೆ ಆಕಾಶ. ನಮಗೆ ಹತ್ತಿರದ ನಕ್ಷತ್ರ 4.2 ಜ್ಯೋತಿರ್ವರ್ಷ ದೂರ. ನಮ್ಮ ಗ್ಯಾಲಕ್ಸಿಯ ನಡುವಿನಲ್ಲಿ ಮೂರು ಜ್ಯೋತಿರ್ವರ್ಷದೊಳಗೇ ಹತ್ತು ಲಕ್ಷದ ಆಸುಪಾಸು ನಕ್ಷತ್ರಗಳಿವೆ. ನಿನ್ನ ಊರಿನವರು ಕತ್ತಲನ್ನೇ ನೋಡಿರುವುದಿಲ್ಲ. ರಾತ್ರಿ ಅನ್ನುವ ಪದ ಅವರ ಭಾಷೆಯಲ್ಲಿ ಇರುತ್ತದಾ? ಅದನ್ನು ನೀನೇ ಯೋಚಿಸು, ಬರೆದ ಮೇಲೆ ನನಗೆ ಕಳಿಸು.

ಎಸ್2 ಮತ್ತ ಯಾವಾಗ ಬರ್ತದ?

2034ರಲ್ಲಿ. ಈಗ ಏಳನೇ ಕ್ಲಾಸಿನಲ್ಲಿ ನನ್ನ ಮುಂದೆ ಕೂತವರು ಆಗ ಕಾಲೇಜು ಮುಗಿಸಿರುತ್ತಾರೆ. ಈ ಪ್ರಶ್ನೆ ಕೇಳಿದ ಹುಡುಗ ವರ್ಷವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡು, ಕೆಳಗೆ ತನ್ನ ವಯಸ್ಸು ಕೂಡಿಸಿ ನೋಡಿದ.